ಹಿಮದ ದಾರಿಯೂ ಹೊಲಿಗೆಯ ಪಾಠವೂ

ನಮ್ಮ ಶಾಲೆಯ ಸ್ಮರಣಸಂಚಿಕೆಗೆ ಒಂದು ಲೇಖನವನ್ನು ಕಳುಹಿಸಬೇಕೆಂದು ಪತ್ರ ಬಂದಾಗ ಏನು ಬರೆಯೋಣವೆಂದು ನಾವು ಬಹಳ ಯೋಚಿಸಿದೆವು. ಹಳೆಯ ವಿದ್ಯಾರ್ಥಿನಿಯರ ಲೇಖನಗಳಲ್ಲಿ ಉಪಾಧ್ಯಾಯಿನಿಯರ ನೆನಪು, ಅಂಗಳದ ಮರ, ಗೆಳತಿಯರ ಸ್ನೇಹ ಇವು ವಾಡಿಕೆಯಾಗಿ ಬರುವುವು. ನಾವಾದರೋ ಆಳವಾದ ಹಿಮದಲ್ಲಿ ಓಡಿಸಿದ ಒಂದು ಪಿಕಪ್ ಗಾಡಿಗೆ ಬಂದ ರೋಗಗಳನ್ನು ಕುರಿತು ಬರೆಯಹೊರಟಿದ್ದೇವೆ. ಇದೆಂಥ ವಿಷಯವೆಂದು ವಾಚಕ ಸಹೋದರಿಯರು ನಗಬಹುದು. ಕಡೆಯವರೆಗೆ ಓದಿದರೆ ನಮ್ಮ ಶಾಲೆಯ ಹೊಲಿಗೆಯ ಕೋಣೆಗೂ ಕೆನಡಾ ದೇಶದ ಹಿಮಕ್ಕೂ ಇರುವ ಸಂಬಂಧವು ತಿಳಿದುಬರುವುದು.

ನಾವು ಅನೇಕ ವರುಷಗಳಿಂದ ಕೆನಡಾದ ಆಲ್ಬರ್ಟಾ ಪ್ರಾಂತದ ಕ್ಯಾಲ್ಗರಿ ಪಟ್ಟಣದಲ್ಲಿ ವಾಸವಾಗಿದ್ದೇವೆ. ಪಟ್ಟಣವು ಸಮುದ್ರಮಟ್ಟದಿಂದ 1,000 ಮೀಟರಿಗೂ ಮೇಲ್ಪಟ್ಟ ಎತ್ತರದಲ್ಲಿದೆ. ಅದರ ಪಶ್ಚಿಮಕ್ಕೆ ರಾಕಿ ಪರ್ವತಗಳ ಸಾಲು. ಚಳಿಗಾಲದಲ್ಲಿ ಆ ಪರ್ವತಗಳನ್ನಿಳಿದು ಶಿನೂಕ್ ಎಂಬ ಬೆಚ್ಚನೆಯ ಗಾಳಿ ಆಗಾಗ ಬೀಸುವುದು. ಅದು ಕೆಲವೇ ಗಂಟೆಗಳಲ್ಲಿ ಹಿಮವನ್ನು ಕರಗಿಸುವುದು. ಗಾಳಿ ನಿಂತೊಡನೆ ಕರಗಿದ ನೀರು ಮತ್ತೆ ಗಡ್ಡೆಗಟ್ಟುವುದು. ಅದರ ಮೇಲೆ ಹೊಸ ಹಿಮ ಬಿದ್ದರೆ ಮೇಲೆ ಅರಳೆಯಂಥ ಮೃದುವಾದ ಪದರವೂ ಕೆಳಗೆ ಗಾಜಿನಂಥ ಗಟ್ಟಿಯಾದ ಪದರವೂ ಇರುವುವು. ನಮ್ಮೂರಿನ ಮಳೆಗಾಲದ ಕೆಸರಾದರೂ ತಾನು ಕೆಸರೆಂದು ಕಣ್ಣಿಗೆ ತೋರಿಸಿಕೊಳ್ಳುವುದು. ಹಿಮವು ಎಲ್ಲವನ್ನೂ ಬೆಳ್ಳಗೆ ಮುಚ್ಚಿ ಏನೂ ಇಲ್ಲವೆಂಬಂತೆ ಮಲಗಿರುವುದು.

2018ನೆಯ ಇಸವಿಯ ಡಿಸೆಂಬರಿನಲ್ಲಿ, ಕ್ರಿಸ್ಮಸ್ ಹಬ್ಬಕ್ಕೆ ಒಂದು ಮರವನ್ನು ಕಡಿದು ತರುವ ನಿಮಿತ್ತ ನಾವು ಸರಕಾರದ ಅನುಮತಿ ಚೀಟಿಯನ್ನು ಪಡೆದು ಪಶ್ಚಿಮದ ಕಾಡಿಗೆ ಹೋದೆವು. ಜೊತೆಯಲ್ಲಿ ನಮ್ಮ ಯಜಮಾನರೂ 9 ವರುಷದ ಮಗಳೂ ಇದ್ದರು. ಗಾಡಿಯು ನಾಲ್ಕು ಚಕ್ರಗಳಿಗೂ ಇಂಜಿನಿನ ಬಲ ಹೋಗುವಂಥದು. ಆ ಬಲದ ಮೇಲಿನ ಭರವಸೆಯಿಂದ ನಾವು ದಾರಿಯನ್ನು ಬಿಟ್ಟು ಮೊಣಕಾಲೆತ್ತರದ ಹಿಮದೊಳಕ್ಕೆ ನುಗ್ಗಿದೆವು. ಮರವೇನೋ ದೊರೆಯಿತು. ಹಿಂದಿರುಗುವಾಗ ಗಾಡಿಯ ಹೊಟ್ಟೆಯು ಹಿಮದ ಮೇಲೆ ಕುಳಿತುಬಿಟ್ಟಿತು. ನಾಲ್ಕು ಚಕ್ರಗಳೂ ನೆಲದ ಹಿಡಿತವಿಲ್ಲದೆ ಬರಿದೆ ತಿರುಗತೊಡಗಿದವು. ಹಿಂದಕ್ಕೆ ಮುಂದಕ್ಕೆ ಎಳೆದಾಡಿದಷ್ಟೂ ಇನ್ನೂ ಆಳಕ್ಕಿಳಿಯಿತು.

ಯಜಮಾನರು ಸಲಿಕೆಯನ್ನು ಹಿಡಿದು ಮುಂದಿನ ಚಕ್ರಗಳ ಬಳಿ ಹಿಮವನ್ನು ತೋಡತೊಡಗಿದರು. ಹೊರಗೆ ಚಳಿ ವಿಪರೀತವಾಗಿದ್ದುದರಿಂದ ನಾವೂ ಮಗಳೂ ಕಿಟಕಿಗಳನ್ನು ಮುಚ್ಚಿಕೊಂಡು, ಬಿಸಿಗಾಗಿ ಇಂಜಿನನ್ನು ಓಡಿಸುತ್ತ ಒಳಗೆ ಕುಳಿತೆವು. ಸ್ವಲ್ಪ ಹೊತ್ತಿನ ಮೇಲೆ ಮಗಳು, “ಅಮ್ಮಾ, ತಲೆ ನೋಯುತ್ತದೆ,” ಎಂದಳು. ಹಸಿವಿರಬೇಕೆಂದು ಬಿಸ್ಕತ್ತು ಕೊಟ್ಟೆವು. ಅವಳು ಬೇಡವೆಂದು ಮುಖ ತಿರುಗಿಸಿ, “ವಾಂತಿ ಬರುವ ಹಾಗಿದೆ,” ಎಂದಳು. ನಮ್ಮ ತಲೆಯೂ ಭಾರವಾಗಿತ್ತು. ಗಾಡಿಯ ಕುಲುಕಾಟದ ಫಲವೆಂದು ಭಾವಿಸಿದೆವು. ಅಷ್ಟರಲ್ಲಿ ಸಲಿಕೆಯೊಡನೆ ಹಿಂಬದಿಗೆ ಹೋದ ಯಜಮಾನರು, “ಇಳಿಯಿರಿ! ಕೂಡಲೆ ಇಳಿಯಿರಿ!” ಎಂದು ಕೂಗಿದರು. ಹಿಂದಕ್ಕೆ ಎಳೆದಾಗ ಹೊಗೆಕೊಳವೆಯ ಬಾಯಿ ಹಿಮದ ದಿಬ್ಬದಲ್ಲಿ ಪೂರ್ತಿಯಾಗಿ ಹುಗಿದುಹೋಗಿತ್ತು. ಹೊರಗೆ ಹೋಗಬೇಕಾದ ಹೊಗೆಯು ಗಾಡಿಯ ಅಡಿಯಲ್ಲಿ ಸುತ್ತಿಕೊಂಡು ಸಂದುಗಳೊಳಗಿಂದ ನಮ್ಮ ಬಳಿಗೇ ಬರುತ್ತಿತ್ತು.

ಈ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನನ್ನು ಅದು ಆಮ್ಲಜನಕಕ್ಕಿಂತ 200 ಪಾಲಿಗೂ ಹೆಚ್ಚು ಬಿಗಿಯಾಗಿ ಹಿಡಿದುಕೊಳ್ಳುವುದು. ಆದುದರಿಂದ ಉಸಿರಾಡುತ್ತಿದ್ದರೂ ದೇಹಕ್ಕೆ ಆಮ್ಲಜನಕ ಸಾಲದಾಗುವುದು. ತಲೆನೋವು, ವಾಕರಿಕೆ, ಮಂಪರು ಇವೇ ಅದರ ಮೊದಲ ಗುರುತುಗಳು. ಮಂಪರು ಬಂದ ಮೇಲೆ ಬಾಗಿಲನ್ನು ತೆರೆಯಬೇಕೆಂಬ ಬುದ್ಧಿಯೇ ಮನುಷ್ಯನಿಗೆ ಹುಟ್ಟದು. ಇದೆಲ್ಲವನ್ನು ನಾವು ಎಂದೋ ಓದಿದ್ದೆವು. ಓದಿದ್ದೂ ಬಿಸ್ಕತ್ತು ಕೊಟ್ಟೆವು!

ಇಂಜಿನನ್ನು ನಿಲ್ಲಿಸಿ, ಮಗುವನ್ನು ಕಂಬಳಿಯಲ್ಲಿ ಸುತ್ತಿ ಬಯಲಿಗೆ ತಂದೆವು. ಕಾಡಿನಲ್ಲಿ ದೂರವಾಣಿಯ ಸಂಪರ್ಕವಿರಲಿಲ್ಲ. ಮೊದಲು ಕೊಳವೆಯ ಸುತ್ತಣ ಹಿಮವನ್ನೂ ತರುವಾಯ ಗಾಡಿಯ ಹೊಟ್ಟೆಯ ಕೆಳಗಿನ ಹಿಮವನ್ನೂ ತೋಡಿ, ಕಾಲಡಿಯ ರಬ್ಬರು ಚಾಪೆಗಳನ್ನು ಚಕ್ರಗಳಿಗೆ ಒಡ್ಡಿ, ಬಂದ ಜಾಡಿನಲ್ಲಿಯೇ ಮೆಲ್ಲಗೆ ಹೊರಬಿದ್ದೆವು. ಕಿಟಕಿಗಳನ್ನೆಲ್ಲ ತೆರೆದುಕೊಂಡು, ಮಗಳನ್ನು ಮಾತನಾಡಿಸುತ್ತ ಆಸ್ಪತ್ರೆಯ ದಾರಿ ಹಿಡಿದೆವು.

ಹೆದ್ದಾರಿಗೆ ಬಂದು ಗಂಟೆಗೆ 70 ಕಿಲೋಮೀಟರಿನ ವೇಗವನ್ನು ತಲುಪಿದೊಡನೆ ಗಾಡಿಯು ಜ್ವರ ಬಂದವರಂತೆ ನಡುಗತೊಡಗಿತು. ಯಜಮಾನರ ಕೈಯಲ್ಲಿ ಸ್ಟಿಯರಿಂಗ್ ನಿಲ್ಲದು. ವೇಗವನ್ನು 40ಕ್ಕೆ ಇಳಿಸಿದರೆ ನಡುಕವಿಲ್ಲ. ಏರಿಸಿದರೆ ಚಕ್ರವೇ ಕಳಚಿಬೀಳುವುದೇನೋ ಎಂಬ ಭಯ. ದೂರವಾಣಿಗೆ ಇನ್ನೂ ಸಂಪರ್ಕವಿಲ್ಲ. “ಬೇರಿಂಗು ಹೋಗಿರಬೇಕು, ಇಲ್ಲವೆ ದಂಡ ಬಾಗಿರಬೇಕು,” ಎಂದು ಅವರು ಹೇಳಿದರು. ಅಷ್ಟು ನಿಧಾನವಾಗಿ ಹೋದರೆ ಆಸ್ಪತ್ರೆಗೆ ಸೇರುವುದು ಯಾವಾಗ?

ಆ ಗಳಿಗೆಯಲ್ಲಿ ನಮಗೆ ನೆನಪಾದುದು ಶಾಲೆಯ ಹೊಲಿಗೆಯ ಕೋಣೆ. ಅಲ್ಲಿ ಕಾಲಿನಿಂದ ತುಳಿಯುವ ಹಳೆಯ ಯಂತ್ರಗಳಿದ್ದವು. ಯಂತ್ರವು ನೂಲನ್ನು ಗಂಟುಹಾಕಿದರೆ, ಇಲ್ಲವೆ ಗಡಗಡನೆ ಸದ್ದುಮಾಡಿದರೆ, ನಾವು ಹುಡುಗಿಯರು ಕೂಡಲೆ ಮೇಲಿನ ತಿರುಪುಗಳನ್ನು ಅತ್ತಿತ್ತ ತಿರುಗಿಸತೊಡಗುವೆವು. ಟೀಚರಮ್ಮನವರು ಬಂದು ನಮ್ಮ ಕೈಯನ್ನು ಸರಿಸಿ, ಸೂಜಿಯ ಕೆಳಗಿನ ತಗಡನ್ನು ತೆಗೆದು, ಒಳಗೆ ಮುದ್ದೆಗಟ್ಟಿದ್ದ ನೂಲಿನ ಕಸವನ್ನು ಎತ್ತಿ ತೋರಿಸುವರು. “ಮೊದಲು ಕಸ ತೆಗೆಯಿರಿ ಮಕ್ಕಳೇ, ಆಮೇಲೆ ತಿರುಪು ಮುಟ್ಟಿರಿ,” ಎಂಬುದು ಅವರ ವಾಡಿಕೆಯ ಮಾತು.

“ಚಕ್ರದೊಳಗೆ ಹಿಮ ತುಂಬಿಲ್ಲವಷ್ಟೆ? ನೋಡೋಣ, ನಿಲ್ಲಿಸಿರಿ,” ಎಂದೆವು. ದಾರಿಯ ಬದಿಯಲ್ಲಿ ಅಗಲವಾದ ಜಾಗವನ್ನು ನೋಡಿ ನಿಲ್ಲಿಸಿ ದೀಪ ಹಿಡಿದರೆ, ಚಕ್ರಗಳ ಒಳಬದಿಯ ಬಟ್ಟಲಿನಂಥ ಭಾಗದಲ್ಲಿ ಹಿಮವು ಇಟ್ಟಿಗೆಯ ಹಾಗೆ ಒತ್ತಿ ಕುಳಿತಿತ್ತು. ಅದೂ ಸುತ್ತಲೂ ಸಮನಾಗಿ ಅಲ್ಲ, ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ. ತಿರುಗುವ ಚಕ್ರದಲ್ಲಿ ಒಂದೇ ಬದಿಗೆ ಭಾರವಿದ್ದರೆ ಅದು ಚಕ್ರವನ್ನು ಎಳೆದಾಡುವುದು. ವೇಗವು ಎರಡರಷ್ಟಾದರೆ ಆ ಎಳೆತವು ನಾಲ್ಕರಷ್ಟಾಗುವುದು. ಕಾಡುದಾರಿಯಲ್ಲಿ ಸುಮ್ಮನಿದ್ದ ಗಾಡಿ ಹೆದ್ದಾರಿಯಲ್ಲಿ ನಡುಗಿದ್ದು ಈ ಕಾರಣದಿಂದಲೇ. ಹಿಮ ಒರಸುವ ಕೋಲಿನ ಹಿಡಿಯಿಂದ ನಾಲ್ಕು ಚಕ್ರಗಳನ್ನೂ ಕೆರೆದು ಶುದ್ಧಮಾಡಲು ಹತ್ತು ನಿಮಿಷ ಹಿಡಿಯಿತು. ಮತ್ತೆ ಹೊರಟಾಗ ನಡುಕದ ಸುಳಿವೇ ಇರಲಿಲ್ಲ.

ಆಸ್ಪತ್ರೆಯಲ್ಲಿ ನಮಗಿಬ್ಬರಿಗೂ ರಕ್ತಪರೀಕ್ಷೆ ಮಾಡಿ ಮುಸುಕಿನ ಮೂಲಕ ಆಮ್ಲಜನಕವನ್ನು ಕೊಟ್ಟರು. ಬೆರಳಿಗೆ ಸಿಕ್ಕಿಸುವ ಸಾಮಾನ್ಯ ಯಂತ್ರವು ಈ ಅನಿಲವನ್ನು ಆಮ್ಲಜನಕದಿಂದ ಬೇರೆಯಾಗಿ ಗುರುತಿಸಲಾರದೆಂದೂ, ಆದುದರಿಂದ ಅದರ ಅಂಕೆಯನ್ನು ಇಂಥಲ್ಲಿ ನಂಬಬಾರದೆಂದೂ ವೈದ್ಯರು ತಿಳಿಸಿದರು. ಬರಿಯ ಗಾಳಿಯಲ್ಲಿ ಈ ವಿಷವು ಅರ್ಧಕ್ಕಿಳಿಯಲು 4-5 ಗಂಟೆ ಬೇಕಾದರೆ, ಶುದ್ಧ ಆಮ್ಲಜನಕದಲ್ಲಿ ಸುಮಾರು ಒಂದೂವರೆ ಗಂಟೆಯೊಳಗೆ ಇಳಿಯುವುದಂತೆ. ನಡುರಾತ್ರಿಯ ಹೊತ್ತಿಗೆ ಮಗಳು ತಾನಾಗಿಯೇ ಬಿಸ್ಕತ್ತು ಕೇಳಿದಳು. ಆ ಮಾತನ್ನು ಕೇಳಿ ನಾವು ಅತ್ತೆವೆಂದು ಹೇಳಲು ನಾಚಿಕೆಯಿಲ್ಲ.

ಗಾಡಿಯ ರೋಗಗಳು ಮಾತ್ರ ಇನ್ನೂ ಮುಗಿದಿರಲಿಲ್ಲ. ಹಿಮವು ಗಾಡಿಗೆ ಮೂರು ವೇಷಗಳಲ್ಲಿ ಕೇಡು ಮಾಡುವುದು: ಮೊದಲು ಹಿಮವಾಗಿ ಒತ್ತಿಕೊಳ್ಳುವುದು, ಇಂಜಿನಿನ ಕಾವಿಗೆ ನೀರಾಗಿ ಸಂದುಗೊಂದುಗಳಿಗೆ ಹರಿಯುವುದು, ರಾತ್ರಿ ಮಂಜುಗಡ್ಡೆಯಾಗಿ ಬಿಗಿಯುವುದು. ಮನೆಗೆ ಬಂದ ರಾತ್ರಿ ಅಭ್ಯಾಸಬಲದಿಂದ ಕೈಬ್ರೇಕನ್ನು ಎಳೆದು ಗಾಡಿಯನ್ನು ಬಯಲಲ್ಲಿ ನಿಲ್ಲಿಸಿದ್ದೆವು. ಬೆಳಗ್ಗೆ ಹಿಂದಿನ ಚಕ್ರಗಳು ಕದಲಲೊಲ್ಲವು; ಬ್ರೇಕಿನೊಳಗೆ ಸೇರಿದ್ದ ನೀರು ಹೆಪ್ಪುಗಟ್ಟಿತ್ತು. ಬಿಸಿನೀರನ್ನು ಹೊಯ್ಯಲು ಹೊರಟ ನಮ್ಮನ್ನು ನೆರೆಮನೆಯ ಮುದುಕಿಯೊಬ್ಬರು ತಡೆದರು. ಅವರು ಒಕ್ಕಲುತನದ ಮನೆಯಲ್ಲಿ ಹುಟ್ಟಿ ಬೆಳೆದವರು, ಟ್ರಾಕ್ಟರು ಲಾರಿಗಳ ನಡುವೆ ಬಾಳಿದವರು. “ಆ ನೀರೂ ಗಡ್ಡೆಯಾಗುವುದಮ್ಮಾ. ಮೊದಲು ಕರಗಲಿ, ಆಮೇಲೆ ನೋಡೋಣ,” ಎಂದರು. ಗಾಡಿಯನ್ನು ಹಿಂದಕ್ಕೂ ಮುಂದಕ್ಕೂ ಮೃದುವಾಗಿ ಅಲುಗಾಡಿಸಿ ಬ್ರೇಕನ್ನು ಬಿಡಿಸಿ, ಬಿಸಿಯೊಲೆಯಿದ್ದ ತಮ್ಮ ಕೊಟ್ಟಿಗೆಯಲ್ಲಿ ಎರಡು ದಿನ ನಿಲ್ಲಿಸಲು ಸ್ಥಳ ಕೊಟ್ಟರು. ಅವರ ಮಾತನ್ನು ಕೇಳಿದಾಗ ನಮ್ಮ ಟೀಚರಮ್ಮನವರೇ ಬಂದು ನಿಂತಂತಾಯಿತು.

ಎರಡು ದಿನಗಳಲ್ಲಿ ಗಾಡಿಯ ಕೆಳಗೆ ಕೊಳವೇ ಆಯಿತು. ರೇಡಿಯೇಟರಿನ ಮುಂದಿನ ಜಾಲರಿಯಿಂದ ಹಿಮದ ಹಲಗೆಗಳು ಕಳಚಿಬಿದ್ದವು. ಅದು ಗಾಳಿಯನ್ನು ತಡೆದುದರಿಂದಲೇ ದಾರಿಯಲ್ಲಿ ಇಂಜಿನಿನ ಕಾವು ಏರಿತ್ತು. ಗಾಳಿ ಸೋಸುವ ಕಾಗದವು ಒದ್ದೆಯಾಗಿ ಇಂಜಿನಿಗೆ ಉಸಿರು ಸಾಲದಾಗಿತ್ತು. ಹೊಸದನ್ನು ಹಾಕಿದೊಡನೆ ಹಳೆಯ ಬಲ ಬಂದಿತು. ನಾಲ್ಕು ಚಕ್ರಗಳ ಓಟವನ್ನು ತೋರಿಸುವ ದೀಪವು, ಅದನ್ನು ಎರಡಕ್ಕೆ ಬದಲಿಸಿದ ಮೇಲೂ ಆರದೆ ಇತ್ತು. ಮುಂದಿನ ಮತ್ತು ಹಿಂದಿನ ದಂಡಗಳು ಒಂದಕ್ಕೊಂದು ಬಿಗಿದು ತಿರುಚಿಕೊಂಡಾಗ ಹೀಗಾಗುವುದಂತೆ. ನೇರವಾಗಿ ಕೆಲವು ಗಜ ಹಿಂದಕ್ಕೆ ನಡೆಸಿದೊಡನೆ ಅದು ಬಿಟ್ಟುಕೊಂಡು ದೀಪ ಆರಿತು. ಈ ಯಾವುದಕ್ಕೂ ತಿರುಪನ್ನು ಮುಟ್ಟಬೇಕಾಗಲಿಲ್ಲ.

ಹಾಗೆಂದು ಎಲ್ಲವೂ ಕರಗಿಹೋಗಲಿಲ್ಲ. ಬ್ರೇಕಿನ ಎಚ್ಚರಿಕೆಯ ಹಳದಿ ದೀಪವು ಉರಿಯುತ್ತಲೇ ಇತ್ತು. ಒಂದು ಕಾರ್ಖಾನೆಯವರು ಚಕ್ರದ ನಡುಭಾಗವನ್ನೇ ಹೊಸದಾಗಿ ಹಾಕಬೇಕೆಂದು ದೊಡ್ಡ ಲೆಕ್ಕವನ್ನು ಬರೆದುಕೊಟ್ಟರು. ನೆರೆಯ ಅಮ್ಮನವರು ಕೆಳಗೆ ಮಲಗಿ ನೋಡಿದರೆ, ಚಕ್ರದ ವೇಗವನ್ನು ಅಳೆಯುವ ತಂತಿಯನ್ನು ಮಂಜುಗಡ್ಡೆಯು ಜಗ್ಗಿ ಅದರ ಕೊಂಡಿಯಿಂದ ಕಳಚಿತ್ತು. ತಂತಿಯನ್ನು ಸಿಕ್ಕಿಸಿ ಕಟ್ಟಿದೆವು; ಸ್ವಲ್ಪ ದೂರ ಓಡಿಸಿದ ಮೇಲೆ ದೀಪ ಆರಿತು. ಕಡೆಯದಾಗಿ ಅವರು ಹಿಂದಿನ ಅಚ್ಚಿನ ಎಣ್ಣೆಯನ್ನು ನೋಡಬೇಕೆಂದರು. ನಮಗೆ ಅದರ ಗೊಡವೆಯೇ ಇರಲಿಲ್ಲ. ಯಾವ ಸದ್ದೂ ಇಲ್ಲ, ಯಾವ ದೀಪವೂ ಇಲ್ಲ. ಮುಚ್ಚಳವನ್ನು ಬಿಚ್ಚಿದರೆ ಎಣ್ಣೆಯು ಹಾಲು ಬೆರೆಸಿದ ಕಾಫಿಯಂತೆ ಬೆಳ್ಳಗಾಗಿತ್ತು. ಓಡಿ ಬಿಸಿಯಾದ ಅಚ್ಚು ಹಿಮದಲ್ಲಿ ಮುಳುಗಿದಾಗ ಒಳಗಿನ ಗಾಳಿ ತಣ್ಣಗಾಗಿ ಕುಗ್ಗುವುದು, ಹೊರಗಿನ ನೀರನ್ನು ಒಳಕ್ಕೆ ಹೀರುವುದು. ಹಾಗೆಯೇ ಬಿಟ್ಟಿದ್ದರೆ ಕೆಲವು ತಿಂಗಳಲ್ಲಿ ಹಲ್ಲುಚಕ್ರಗಳು ಸವೆದುಹೋಗುತ್ತಿದ್ದವು. ಹಳೆಯ ಎಣ್ಣೆಯನ್ನು ಬಸಿದು ಹೊಸದನ್ನು ತುಂಬಿಸಿದೆವು.

ಆ ಎರಡು ದಿನಗಳಲ್ಲಿ ಟೀಚರಮ್ಮನವರ ಮಾತಿನ ಪೂರ್ಣಾರ್ಥ ನಮಗೆ ತಿಳಿಯಿತು. ಕಸ ತೆಗೆದರೆ ಸಾಕೆಂದು ಅವರು ಎಂದೂ ಹೇಳಿರಲಿಲ್ಲ. ಮೊದಲು ತೆಗೆಯಿರಿ ಎಂದಿದ್ದರು. ಕಸವನ್ನು ತೆಗೆದ ಮೇಲೆ ಉಳಿದುದೇ ನಿಜವಾದ ಕೇಡು. ಅದಕ್ಕೆ ಮುಂಚೆ ಊಹಿಸಿದರೆ ಸರಿಯಾಗಿರುವುದನ್ನು ಬಿಚ್ಚುವೆವು, ಕೆಟ್ಟುದನ್ನು ಬಿಡುವೆವು. ಗಾಡಿಯ ಚಕ್ರದಲ್ಲಿ ನಾವು ಈ ಮಾತನ್ನು ನಡಿಸಿದೆವು. ಮಗಳ ತಲೆನೋವಿನಲ್ಲಿ ನಡಿಸಲಿಲ್ಲ. ಎದ್ದು ಗಾಡಿಯನ್ನು ಒಂದು ಸುತ್ತು ನೋಡುವುದಕ್ಕೆ ಬದಲಾಗಿ ಕುಳಿತಲ್ಲಿಯೇ ಹಸಿವೆಂದು ಊಹಿಸಿದೆವು. ಆ ಊಹೆಯ ಬೆಲೆ ಏನಾಗಬಹುದಿತ್ತೆಂಬುದನ್ನು ನೆನೆದರೆ ಇಂದಿಗೂ ಮೈ ಜುಮ್ಮೆನ್ನುವುದು.

ಪ್ರಿಯ ತಂಗಿಯರೇ, ನಿಮ್ಮಲ್ಲಿ ಯಾರಾದರೂ ಮುಂದೆ ಹಿಮದ ನಾಡಿಗೆ ಹೋದರೆ ಇಷ್ಟನ್ನು ನೆನಪಿಡಿರಿ. ಹಿಮದಲ್ಲಿ ನಿಂತ ಗಾಡಿಯೊಳಗೆ ಇಂಜಿನನ್ನು ಓಡಿಸುತ್ತ ಕುಳಿತುಕೊಳ್ಳುವ ಮೊದಲು ಕೆಳಗಿಳಿದು ಹೊಗೆಕೊಳವೆಯನ್ನು ನೋಡಿರಿ. ಹಿಮ ಬೀಳುತ್ತಿದ್ದರೆ ಮತ್ತೆ ಮತ್ತೆ ನೋಡಿರಿ. ಅಲ್ಲಿ ತಲೆನೋವೆಂದು ಯಾರಾದರೂ ಹೇಳಿದರೆ ಇಂಜಿನನ್ನು ನಿಲ್ಲಿಸಿ, ಬಾಗಿಲು ತೆರೆದು ಹೊರಗೆ ಬನ್ನಿರಿ. ಕಾರಣವನ್ನು ಆಮೇಲೆ ಹುಡುಕಬಹುದು. ಯಂತ್ರದ ಕೆಲಸ ಗಂಡಸರದೆಂದು ದೂರ ನಿಲ್ಲಬೇಡಿರಿ. ಹೊಲಿಗೆಯ ಯಂತ್ರವನ್ನು ಬಿಚ್ಚಿ ಜೋಡಿಸಬಲ್ಲ ಕೈಗಳಿಗೆ ಗಾಡಿಯ ಚಕ್ರವು ಬೇರೆ ಲೋಕದ್ದಲ್ಲ.

ಆಲ್ಬರ್ಟಾದಲ್ಲಿ 14 ವರುಷ ತುಂಬಿದವರಿಗೆ ಗಾಡಿ ನಡೆಸುವುದನ್ನು ಕಲಿಯಲು ಅನುಮತಿ ದೊರೆಯುವುದು. 2023ರಲ್ಲಿ ನಮ್ಮ ಮಗಳಿಗೂ ಅದು ದೊರೆಯಿತು. ಮೊದಲನೆಯ ದಿನ ಬೀಗದಕೈಯನ್ನು ಕೊಟ್ಟಾಗ ಅವಳು ಒಳಗೆ ಕುಳಿತುಕೊಳ್ಳಲಿಲ್ಲ. ಯಾರೂ ಹೇಳದೆಯೇ ಗಾಡಿಯ ಹಿಂಬದಿಗೆ ಹೋಗಿ, ಬಗ್ಗಿ ಕೊಳವೆಯನ್ನು ನೋಡಿ, ಚಕ್ರಗಳೊಳಕ್ಕೆ ಇಣುಕಿ, ಒಂದು ಸುತ್ತು ಬಂದಳು. ಬೇಸಿಗೆಯ ದಿನವಾಗಿತ್ತು, ಎಲ್ಲಿಯೂ ಹಿಮದ ಒಂದು ಹರಳೂ ಇರಲಿಲ್ಲ. ನಾವು ಅವಳನ್ನು ನೋಡಿ ನಗಲಿಲ್ಲ.