ಫೋನಿನಲ್ಲಿ ಬಣ್ಣದ ವೇಷ

ತಂಗಿಯ ಮಗಳು ಫೋನಿನಲ್ಲಿ ತೆಂಕುತಿಟ್ಟಿನ ಯಕ್ಷಗಾನದ ಬಣ್ಣದ ವೇಷ ಬರೆಯುತ್ತಿದ್ದಾಳೆ. ಪೆನ್ನಿಲ್ಲ, ಬರೀ ತೋರುಬೆರಳು. ಗೆರೆ ಮೂಡಬೇಕಾದ ಜಾಗವನ್ನೇ ಬೆರಳು ಮುಚ್ಚಿರುತ್ತದೆ. ಹಾಗಾದರೆ ಇವಳು ನೋಡುವುದು ಏನನ್ನು? ಹತ್ತಿರ ಕೂತೆ. ಕಣ್ಣಿನ ಒಂದು ಮೂಲೆ ಪರದೆ ತುಂಬುವಷ್ಟು ಹಿಗ್ಗಿಸುತ್ತಾಳೆ, ಗೆರೆ ಎಳೆಯುತ್ತಾಳೆ, ಎರಡು ಬೆರಳಲ್ಲಿ ಚಿವುಟಿ ಇಡೀ ಮುಖ ನೋಡುತ್ತಾಳೆ, ಮತ್ತೆ ಒಳಕ್ಕೆ. ಬರೆಯುವುದಕ್ಕಿಂತ ಹೋಗಿಬರುವುದೇ ಹೆಚ್ಚು.

*

ಆಪ್ ಐಬಿಸ್ ಪೇಂಟ್, ಜಪಾನಿನದು. ಸ್ಟೆಬಿಲೈಸರ್ ಏರಿಸಿದರೆ ಗೆರೆ ಬೆರಳಿನ ಹಿಂದೆ ತುಸು ತಡವಾಗಿ ಬರುತ್ತದೆ, ಕೈಯ ನಡುಕವೆಲ್ಲ ಮಾಯ. ಸಿಮೆಟ್ರಿ ರೂಲರ್ ಇಟ್ಟರೆ ಎಡ ಭುಜಕೀರ್ತಿ ಬರೆಯುವಾಗಲೇ ಬಲದ್ದೂ ತಾನಾಗಿ ಮೂಡುತ್ತದೆ. ವೇಷ ಕಟ್ಟುವ ಚೌಕಿಯಲ್ಲಿ ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಒಂದೊಂದೇ ಮುಳ್ಳು ಎಬ್ಬಿಸುವ ಚುಟ್ಟಿಗೆ ಗಂಟೆಗಟ್ಟಲೆ ಬೇಕು. ಇಲ್ಲಿ ಬ್ರಶ್ ಒಮ್ಮೆ ಎಳೆದರೆ ಸಾಲು ಸಿದ್ಧ.

ಇಷ್ಟೆಲ್ಲ ಆದ ಮೇಲೆ ಬಲಗಡೆಯ ಹುಬ್ಬು ಅಳಿಸಿದಳು. ಸ್ಟೆಬಿಲೈಸರ್ ಸೊನ್ನೆಗೆ ಇಳಿಸಿ ಕೈಯಾರೆ ಬರೆದಳು. ಚುಟ್ಟಿಯ ಸಾಲಿನಲ್ಲೂ ಅಲ್ಲೊಂದು ಇಲ್ಲೊಂದು ಮುಳ್ಳನ್ನು ವಾರೆ ಮಾಡಿದಳು. ಯಾಕೆ ಅಂದೆ.

“ಎರಡೂ ಬದಿ ಒಂದೇ ಥರ ಇದ್ರೆ ಮುಖ ಸತ್ತ ಹಾಗೆ ಕಾಣ್ತದೆ ಮಾವ.”

ಕೊನೆಗೆ ಎಲ್ಲದರ ಮೇಲೆ ಕಾಗದದ ತರಿಯ ಒಂದು ಲೇಯರ್, ಕೆಳಗಿನ ಬಣ್ಣಕ್ಕೆ ಬೆರೆಯುವಂತೆ ಮಲ್ಟಿಪ್ಲೈ ಮಾಡಿ. ಕಾಗದವೇ ಬೇಕಿದ್ದರೆ ಕಾಗದದಲ್ಲೇ ಬರೆಯಬಹುದಿತ್ತಲ್ಲ? ಕೇಳಲಿಲ್ಲ. ಕಾಗದದಲ್ಲಿ ಅನ್‌ಡೂ ಇಲ್ಲ, ನನಗೂ ಅಷ್ಟು ಗೊತ್ತು.

*

ಮುಗಿಯಿತು ಅನ್ನುವುದು ಯಾವಾಗ? ಜಲವರ್ಣವನ್ನು ಜಾಸ್ತಿ ಕೆದಕಿದರೆ ಬಣ್ಣ ಕದಡಿ ಕೆಡುತ್ತದೆ, ಕೈ ಬಿಡಲೇಬೇಕು. ಫೋನಿನಲ್ಲಿ ಕೆಡುವ ಭಯವೇ ಇಲ್ಲ. ಐಪ್ಯಾಡಿನ ಪ್ರೊಕ್ರಿಯೇಟಿನಲ್ಲಂತೂ 250 ಹೆಜ್ಜೆ ಹಿಂದಕ್ಕೆ ಹೋಗಬಹುದು, ಚಿತ್ರ ಮುಚ್ಚುವ ತನಕ.

ತಡೆ ಬರುವುದು ಬೇರೆ ಕಡೆಯಿಂದ. ಎ4 ಹಾಳೆಯಲ್ಲಿ ಚೆನ್ನಾಗಿ ಅಚ್ಚಾಗಬೇಕಾದರೆ 2480 x 3508 ಪಿಕ್ಸೆಲ್ ಬೇಕು. ಲೆಕ್ಕ ಹಾಕಿದೆ: ಪಿಕ್ಸೆಲ್‌ಗೆ 4 ಬೈಟ್ ಹಿಡಿದರೆ ತುಂಬಿದ ಒಂದು ಲೇಯರ್ ಸುಮಾರು 35 ಎಂಬಿ. ಇವಳ ಹಳೇ ಫೋನು ಎಷ್ಟು ಹೊತ್ತೀತು? ಹೊಸ ಲೇಯರ್ ಕೊಡುವುದಿಲ್ಲ ಎಂದು ಆಪ್ ಕೈ ಎತ್ತಿದಾಗ ಕಿರೀಟದ ಗೆರೆ, ಬಣ್ಣ, ನೆರಳು ಮೂರನ್ನೂ ಒಂದೇ ಲೇಯರಿಗೆ ಮರ್ಜ್ ಮಾಡಿದಳು. ಇನ್ನು ಗೆರೆ ಬಿಟ್ಟು ಬಣ್ಣವನ್ನಷ್ಟೇ ಬದಲಿಸುವ ಹಾಗಿಲ್ಲ. ಅಂದರೆ ಕಿರೀಟ ಮುಗಿದದ್ದು ಇವಳ ಮನಸ್ಸಿಗೆ ಒಪ್ಪಿ ಅಲ್ಲ, ಫೋನಿನ ರ‍್ಯಾಮ್ ಸಾಲದೆ!

*

ಬೆರಳಲ್ಲಿ ಬರೆಯುವುದು ಮಕ್ಕಳಾಟವೇನಲ್ಲ. 2009ರ ಜೂನ್ 1ರ ‘ನ್ಯೂಯಾರ್ಕರ್’ ಪತ್ರಿಕೆಯ ಮುಖಪುಟವನ್ನು ಜೋರ್ಜ್ ಕೊಲೊಂಬೊ ಐಫೋನಿನ ಬ್ರಶಸ್ ಆಪ್‌ನಲ್ಲೇ ಬರೆದದ್ದು. ಚಿತ್ರಕಾರ ಡೇವಿಡ್ ಹಾಕ್ನಿ ಅದೇ ಆಪ್‌ನಲ್ಲಿ ಹೂಗಳನ್ನು ಬರೆದು ಗೆಳೆಯರಿಗೆ ಕಳಿಸುತ್ತಿದ್ದರು. 2011ರಲ್ಲಿ ಇಂಗ್ಲೆಂಡಿನ ವೋಲ್ಡ್‌ಗೇಟ್ ರಸ್ತೆಯ ವಸಂತವನ್ನು ಐಪ್ಯಾಡಿನಲ್ಲಿ ಬರೆದು, ಮರುವರ್ಷ ಲಂಡನ್ನಿನ ರಾಯಲ್ ಅಕಾಡೆಮಿಯ ಗೋಡೆಗೆ ದೊಡ್ಡ ದೊಡ್ಡ ಕಾಗದಗಳಲ್ಲಿ ಅಚ್ಚು ಹಾಕಿಸಿದರು. ಮೂಲಚಿತ್ರ ಯಾವುದು, ಪರದೆಯ ಮೇಲಿನದೋ ಗೋಡೆಯದೋ? ಗೋಡೆಯದೇ ಎಂದು ನನ್ನ ಪಕ್ಷಪಾತ.

*

ಅಂಗಡಿಯಿಂದ ಇವಳ ಚಿತ್ರದ ಪ್ರಿಂಟ್ ಬಂತು. ಪರದೆಯಲ್ಲಿ ಉರಿಯುತ್ತಿದ್ದ ಕೆಂಪು ಇಟ್ಟಿಗೆಯ ಬಣ್ಣಕ್ಕಿಳಿದಿದೆ. ಅಂಗಡಿಯವರ ದೋಷವಲ್ಲ, ಬೆಳಕಿನಲ್ಲಿ ಹೊಳೆಯುವ ಎಲ್ಲ ಕೆಂಪೂ ನಾಲ್ಕು ಶಾಯಿಗಳ ಮಿಶ್ರಣಕ್ಕೆ ದಕ್ಕುವುದಿಲ್ಲ. ಕಿರೀಟದ ಕೆಂಪಂತೂ ಮರ್ಜ್ ಆಗಿ ಕೂತಿದೆ. ಅದರ ಮೇಲೆ ಇನ್ನೊಂದು ಲೇಯರ್ ಕ್ಲಿಪ್ ಮಾಡಿ ಬಣ್ಣ ಏರಿಸುತ್ತಿದ್ದಾಳೆ; ಜಾಗಕ್ಕಾಗಿ ಹಿನ್ನೆಲೆಯ ಎರಡು ಲೇಯರ್ ಬಲಿ.

ಬರೆದದ್ದನ್ನೆಲ್ಲ ಆಪ್ ತಾನೇ ದಾಖಲಿಸಿಕೊಂಡು ವೇಗವಾಗಿ ಓಡುವ ವಿಡಿಯೊ ಮಾಡಿಕೊಡುತ್ತದೆ. ಅಳಿಸಿದ ಹುಬ್ಬೂ ಅದರಲ್ಲಿದೆ. ಚಿತ್ರವನ್ನೂ ವಿಡಿಯೊವನ್ನೂ ಇನ್‌ಸ್ಟಾಗ್ರಾಮಿಗೆ ಹಾಕಿದಳು. ಮಂದಿ ಮುಗಿಬಿದ್ದದ್ದು ವಿಡಿಯೊಗೆ. ವೇಷ ಯಾವುದೆಂದು ಒಬ್ಬರೂ ಕೇಳಿಲ್ಲ, ಬ್ರಶ್ ಯಾವುದೆಂದು ಎಲ್ಲರೂ ಕೇಳಿದ್ದಾರೆ.