ರಾಗಿ ಹುರಿಹಿಟ್ಟಿನ ಬಿಲ್ಲೆ

ಮಾಗಡಿ ಕನಕಪುರಗಳ ಕಡೆ ಹಿಂದೆ ದೂರ ಹೊರಟವರ ಬುತ್ತಿಗಂಟಿನಲ್ಲಿ ರಾಗಿಯ ಹುರಿಹಿಟ್ಟು ಇರುತ್ತಿತ್ತು. ಬೆಲ್ಲದೊಡನೆ ಕಲಸಿದರೆ ಸಾಕು, ಹಸಿವು ತಣಿಯುತ್ತಿತ್ತು. ಈಗ ಆ ಸ್ಥಾನಕ್ಕೆ ಓಟ್ಸ್ ಮತ್ತು ಒಣಹಣ್ಣಿನ ಬಿಲ್ಲೆಗಳು ಅಂಗಡಿಯಿಂದ ಬರುತ್ತಿವೆ. ನನ್ನ ಮೊಮ್ಮಗಳು ತಂದಿದ್ದ ಒಂದರ ಹೊದಿಕೆಯನ್ನು ಓದಿದೆನು. ಓಟ್ಸಿಗಿಂತ ಮೊದಲು ಸಕ್ಕರೆಯ ಪಾಕದ ಹೆಸರೇ ಇದ್ದಿತು! ಹುಡುಗಿಗೆ ಮೂಳೆ ಬಲಿಯುವ ವಯಸ್ಸು. ಹಾಲನ್ನು ಮುಟ್ಟಳು, ಮುದ್ದೆಯನ್ನು ಒಲ್ಲಳು. 100 ಗ್ರಾಂ ರಾಗಿಯಲ್ಲಿ ಸುಮಾರು 340 ಮಿಲಿಗ್ರಾಂ ಕ್ಯಾಲ್ಸಿಯಂ ಉಂಟು. ಓಟ್ಸಿನಲ್ಲಿ ಹೆಚ್ಚುಕಡಿಮೆ ಅದರ ಆರರಲ್ಲೊಂದು ಪಾಲು. ಅವಳು ಮೆಚ್ಚಿದ ರೂಪದಲ್ಲಿಯೇ ರಾಗಿಯನ್ನು ಕೊಡಲು ನಿಶ್ಚಯಿಸಿದೆನು.

ರಾಗಿಗೆ ನೀರು ಚಿಮುಕಿಸಿ, ಬಟ್ಟೆಯಲ್ಲಿ ಕಟ್ಟಿ ರಾತ್ರಿಯಿಡೀ ಇರಿಸಿ, ಬೆಳಿಗ್ಗೆ ಮೇಲಿನ ಪಸೆಯಾರುವಷ್ಟು ಹೊತ್ತು ನೆರಳಿನಲ್ಲಿ ಹರವತಕ್ಕದ್ದು. ತೀರ ಒಣಗಿದರೆ ಕಾಳು ಅರಳದೆ ಸೀದುಹೋಗುವುದು. ಚೆನ್ನಾಗಿ ಕಾದ ಬಾಣಲೆಗೆ ಒಂದೊಂದೇ ಹಿಡಿ ಹಾಕಿ ಬಿಡದೆ ಆಡಿಸಬೇಕು. ಕಾಳಿನೊಳಗಿನ ತೇವವು ಆವಿಯಾಗಿ ಸಿಪ್ಪೆಯನ್ನೊಡೆಯುವುದರಿಂದ ಕೆಂಪು ರಾಗಿ ಬೆಳ್ಳಗೆ ಅರಳುತ್ತದೆ. ಆ ಪರಿಮಳಕ್ಕೇ ಹುಡುಗಿ ಅಡಿಗೆಮನೆಗೆ ಬಂದಳು. ಹೀಗೆ ಅರಳಿದ್ದು ಆಗಲೇ ಬೆಂದಂತೆ. ಜರಡಿಯಾಡಿ ಬೀಸಿದ ಮೇಲೆ ಒಲೆಯ ಹಂಗಿಲ್ಲ.

200 ಗ್ರಾಂ ಹಿಟ್ಟಿಗೆ 150 ಗ್ರಾಂ ಬೆಲ್ಲದ ಉಂಡೆಪಾಕ, ನಾಲ್ಕು ಚಮಚ ತುಪ್ಪ, ಹುರಿದ ಕಡಲೆಕಾಯಿ ಬೀಜದ ತರಿ ಒಂದು ಹಿಡಿ. ಹಣ್ಣಿಗಾಗಿ, ರಾಮನಗರದ ತೋಟದ ಬಾದಾಮಿ ಮಾವಿನ ರಸವನ್ನು ತಟ್ಟೆಗೆ ಸವರಿ ಒಣಗಿಸಿಟ್ಟಿದ್ದೆನು. ಅದನ್ನೇ ಹೆಚ್ಚಿ ಸೇರಿಸಿದೆನು. ಬಿಸಿಯಿರುವಾಗಲೇ ತಟ್ಟೆಯಲ್ಲಿ ಒತ್ತಿ ಕೊಯ್ಯಬೇಕು. ಬೆಲ್ಲವೂ ಸಕ್ಕರೆಯ ಜಾತಿಯೇ ಆದ್ದರಿಂದ ದಿನಕ್ಕೊಂದು ಬಿಲ್ಲೆ ಸಾಕು. ಹಲ್ಲಿಲ್ಲದ ಹಿರಿಯರು ಬಿಸಿ ಹಾಲಿನಲ್ಲಿ ಅದ್ದಿ ತಿನ್ನಬಹುದು.