ಟೊಮೇಟೊ ಬೆಳೆದ ಜಗಳಗಂಟ

ಬಾಲ್ಟಿಮೋರ್‌ನ ಹಳೆಯ ಬೇಸ್‌ಬಾಲ್ ಅಭಿಮಾನಿಗಳ ಮುಂದೆ ಅರ್ಲ್ ವೀವರ್ ಹೆಸರೆತ್ತಿದರೆ ಗೆಲುವಿನ ಲೆಕ್ಕಕ್ಕಿಂತ ಮುಂಚೆ ಟೊಮೇಟೊ ಮಾತು ಬರುತ್ತದೆ. ಮೆಮೋರಿಯಲ್ ಸ್ಟೇಡಿಯಮ್ಮಿನ ಎಡಬದಿಯಲ್ಲಿ, ಆಟದ ಗೆರೆಯಾಚೆಗಿನ ಮಣ್ಣಿನಲ್ಲಿ, ಓರಿಯೋಲ್ಸ್ ತಂಡದ ಈ ಮ್ಯಾನೇಜರ್ ಟೊಮೇಟೊ ಗಿಡ ಬೆಳೆಸುತ್ತಿದ್ದ. ಮೈದಾನ ನೋಡಿಕೊಳ್ಳುತ್ತಿದ್ದ ಪ್ಯಾಟ್ ಸ್ಯಾಂಟರೋನ್‌ಗೂ ಆತನಿಗೂ ಯಾರ ಬೆಳೆ ಚೆನ್ನಾಗಿದೆ ಎಂಬ ಪೈಪೋಟಿ. ಲಕ್ಷಗಟ್ಟಲೆ ಡಾಲರಿನ ಆಟ ನಡೆಯುವ ಜಾಗದಲ್ಲೇ ನಾಲ್ಕು ಗಿಡಕ್ಕೂ ನೆಲ ಸಿಗುತ್ತಿದ್ದ ಆ ಕಾಲದ ಮೇಲೆ ನನಗೆ ಬಹಳ ಪ್ರೀತಿ.

ವೀವರ್ ತೀರಿಕೊಂಡದ್ದು 2013ರ ಜನವರಿ 19ರಂದು, 82ನೇ ವಯಸ್ಸಿನಲ್ಲಿ, ಕೆರಿಬಿಯನ್ ಸಮುದ್ರದ ಹಡಗೊಂದರಲ್ಲಿ. ಓರಿಯೋಲ್ಸ್ ಅಭಿಮಾನಿಗಳಿಗೆಂದೇ ಏರ್ಪಡಿಸಿದ್ದ ವಿಹಾರ ಅದು. ವೀವರ್‌ನ ಹುಟ್ಟೂರಾದ ಸೇಂಟ್ ಲೂಯಿಸ್‌ನ ಆರಾಧ್ಯ ಆಟಗಾರ ಸ್ಟಾನ್ ಮ್ಯೂಸಿಯಲ್ ಕೂಡ ಅದೇ ದಿನ ಕಣ್ಣುಮುಚ್ಚಿದ. ಹುಡುಗನಾಗಿದ್ದಾಗ ವೀವರ್‌ಗೂ ಆ ಊರಿನ ತಂಡದಲ್ಲೇ ಆಡುವ ಆಸೆ. ತರಬೇತಿ ಶಿಬಿರದವರೆಗೆ ಹೋದ; ಆದರೆ ಬೇಸ್‌ಬಾಲ್‌ನ ಅತ್ಯುನ್ನತ ಮಟ್ಟವಾದ ಮೇಜರ್ ಲೀಗ್‌ನಲ್ಲಿ ಒಂದೇ ಒಂದು ಪಂದ್ಯ ಆಡಲೂ ಅವಕಾಶ ಸಿಗಲಿಲ್ಲ. ಆಡಲಾಗದವನು ಆಡಿಸುವುದನ್ನು ಕಲಿತ. ಸಣ್ಣ ಊರುಗಳ ತಂಡಗಳಲ್ಲಿ ವರ್ಷಗಟ್ಟಲೆ ಪಳಗಿ 1968ರಲ್ಲಿ ಬಾಲ್ಟಿಮೋರ್ ತಂಡದ ಮ್ಯಾನೇಜರ್ ಆದ.

ಬೇಸ್‌ಬಾಲ್ ಮ್ಯಾನೇಜರ್ ನಮ್ಮ ಕ್ರಿಕೆಟ್ ಕೋಚ್‌ನಂತೆ ಗಾಜಿನ ಹಿಂದೆ ಕೂರುವವನಲ್ಲ. ಆಟಗಾರರಂತೆಯೇ ಬೆನ್ನ ಮೇಲೆ ನಂಬರ್ ಇರುವ ಬಟ್ಟೆ ತೊಟ್ಟಿರುತ್ತಾನೆ, ಬೇಕೆನಿಸಿದಾಗ ಮೈದಾನಕ್ಕಿಳಿದು ಅಂಪೈರ್ ಎದುರು ನಿಲ್ಲುತ್ತಾನೆ. ವೀವರ್‌ಗೆ ಇದು ಮೇಲಿಂದ ಮೇಲೆ ಬೇಕೆನಿಸುತ್ತಿತ್ತು. ಕುಳ್ಳ ಆಳು, ಅಂಪೈರ್‌ಗಳು ಎತ್ತರದವರು. ಮುಖಕ್ಕೆ ಮುಖ ಕೊಟ್ಟು ಕೂಗಾಡಲು ಅಡ್ಡಿಯಾಗದಿರಲೆಂದು ಟೋಪಿಯನ್ನು ಹಿಂದುಮುಂದಾಗಿ ತಿರುಗಿಸಿಕೊಳ್ಳುತ್ತಿದ್ದ. ಕಾಲಿನಿಂದ ಮಣ್ಣು ಕೆದರಿ ಅಂಪೈರ್ ಬೂಟಿನ ಮೇಲೆ ಹಾಕುತ್ತಿದ್ದ. ನಿಯಮಗಳ ಪುಸ್ತಕವನ್ನೇ ಹರಿದು ಎಸೆದದ್ದೂ ಉಂಟು. 90ಕ್ಕೂ ಹೆಚ್ಚು ಸಲ ಆತನನ್ನು ಪಂದ್ಯದಿಂದ ಹೊರಹಾಕಿದರು; 1969ರಲ್ಲಂತೂ ವರ್ಷದ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್ ನಡುವೆಯೇ. ಆ ಹಳೆಯ ವಿಡಿಯೊಗಳನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ನನಗೆ ಅಲ್ಲಿ ಕಾಣುವುದು ಬರೀ ಸಿಟ್ಟಲ್ಲ. ಹೊರಬಿದ್ದರೆ ತಾನು ಬೀಳಲಿ, ಆಡುವ ಹುಡುಗ ಅಂಗಳದಲ್ಲಿ ಉಳಿಯಲಿ ಎಂದು ನಡುವೆ ನುಗ್ಗಿದವನೂ ಅಲ್ಲಿದ್ದಾನೆ.

ಈ ಕೂಗಾಟದ ಹಿಂದೆ ಬಲು ತಣ್ಣಗಿನ ಒಂದು ತಲೆಯಿತ್ತು. ಬೇಸ್‌ಬಾಲ್‌ಗೆ ಕಂಪ್ಯೂಟರ್ ಬರುವ ಮೊದಲೇ, ಯಾವ ಬ್ಯಾಟರ್ ಯಾವ ಪಿಚರ್ (ಚೆಂಡೆಸೆಯುವವ) ಎದುರು ಹೇಗೆ ಆಡಿದ್ದಾನೆ ಎಂಬುದನ್ನು ಚೀಟಿಗಳಲ್ಲಿ ಬರೆಸಿಟ್ಟುಕೊಂಡು ಆಟಗಾರರನ್ನು ಆರಿಸುತ್ತಿದ್ದ. ಒಂದೊಂದು ರನ್ನಿಗೆ ಹೆಣಗುವ ಬದಲು ಇಬ್ಬರನ್ನು ಬೇಸ್ ಮೇಲೆ ನಿಲ್ಲಿಸಿ ಮೂರು ರನ್ ಒಟ್ಟಿಗೆ ತರುವ ಒಂದು ಹೋಮ್ ರನ್‌ಗೆ ಕಾಯುವುದು ಆತನ ನೆಚ್ಚಿನ ತಂತ್ರ. ಎರಡನೇ ಮತ್ತು ಮೂರನೇ ಬೇಸ್ ನಡುವೆ ಫೀಲ್ಡಿಂಗ್ ಮಾಡುವ ಶಾರ್ಟ್‌ಸ್ಟಾಪ್ ಜಾಗಕ್ಕೆ ವಿಪರೀತ ಎತ್ತರ ಎಂದು ಬೇರೆಯವರು ಹಿಂಜರಿದಾಗಲೂ ಆಟಗಾರ ಕ್ಯಾಲ್ ರಿಪ್ಕನ್‌ನನ್ನು 1982ರಲ್ಲಿ ಅಲ್ಲಿಗೆ ತಂದವನು ಈತನೇ. ಒಟ್ಟು 1,480 ಗೆಲುವು, 1970ರ ವರ್ಲ್ಡ್ ಸೀರೀಸ್. ಪಿಚರ್ ಜಿಮ್ ಪಾಮರ್‌ಗೂ ಆತನಿಗೂ ವರ್ಷಾನುಗಟ್ಟಲೆ ಕಿತ್ತಾಟ. ಆದರೆ ಪಾಮರ್ 20 ಅಥವಾ ಹೆಚ್ಚು ಪಂದ್ಯ ಗೆದ್ದ ಎಂಟೂ ವರ್ಷಗಳು ವೀವರ್ ಕೈಕೆಳಗಿನವೇ.

ಬಾಲ್ಟಿಮೋರ್ ಬಂದರಿನ ಊರು, ಆಗ ಉಕ್ಕಿನ ಕಾರ್ಖಾನೆಯ ಊರೂ ಆಗಿತ್ತು. ದಿನವಿಡೀ ಮೇಲಿನವರ ಮಾತು ಕೇಳಿ ದುಡಿದವರು ಸಂಜೆ ಸ್ಟೇಡಿಯಮ್ಮಿಗೆ ಬಂದರೆ, ಅಲ್ಲಿ ತಮ್ಮಷ್ಟೇ ಸಾಮಾನ್ಯ ಮೈಕಟ್ಟಿನ ಒಬ್ಬ ಅಧಿಕಾರದ ಎದುರು ನಿಂತು ಗುಡುಗುತ್ತಿದ್ದ. ಅವರು ಆತನನ್ನು ತಮ್ಮವನೆಂದುಕೊಂಡದ್ದು ಅದಕ್ಕೇ ಎಂದು ನನ್ನ ನಂಬಿಕೆ.

ಅವರು ಮನಸಾರೆ ನೆನೆಯುವ ದಿನ 1982ರ ಅಕ್ಟೋಬರ್ 3. ವೀವರ್ ಆ ವರ್ಷವೇ ಕೊನೆ ಎಂದು ಹೇಳಿಬಿಟ್ಟಿದ್ದ. ನಾಲ್ಕು ಪಂದ್ಯ ಉಳಿದಿದ್ದಾಗ ವಿಭಾಗದ ಪಟ್ಟಕ್ಕಾಗಿನ ಪೈಪೋಟಿಯಲ್ಲಿ ಓರಿಯೋಲ್ಸ್, ಮಿಲ್ವಾಕಿ ತಂಡಕ್ಕಿಂತ ಮೂರು ಪಂದ್ಯ ಹಿಂದೆ. ಉಳಿದ ನಾಲ್ಕೂ ಅದೇ ಮಿಲ್ವಾಕಿ ಎದುರು, ಸ್ವಂತ ಅಂಗಳದಲ್ಲಿ. ಮೂರನ್ನು ಗೆದ್ದು ಸರಿಸಮ ನಿಂತರು. ಭಾನುವಾರದ ಕೊನೆಯ ಪಂದ್ಯದಲ್ಲಿ ಪಿಚ್ ಮಾಡಿದ್ದು ಪಾಮರ್. ಎದುರಾಳಿ ರಾಬಿನ್ ಯೌಂಟ್ ಎರಡು ಹೋಮ್ ರನ್ ಬಾರಿಸಿದ. ಓರಿಯೋಲ್ಸ್ 10-2ರಿಂದ ಸೋತಿತು. ಸೋತ ಮೇಲೆ ಜನ ಮನೆಗೆ ಹೋಗಬೇಕಿತ್ತು, ಹೋಗಲಿಲ್ಲ. ನಿಂತಲ್ಲೇ ನಿಂತು ಚಪ್ಪಾಳೆ ತಟ್ಟಿದರು, ಹೆಸರು ಹಿಡಿದು ಕೂಗಿದರು, ವೀವರ್ ಹೊರಗೆ ಬರುವವರೆಗೂ ಬಿಡಲಿಲ್ಲ. ಅಷ್ಟು ವರ್ಷ ಗದರಿದ್ದ ಮನುಷ್ಯ ಎಲ್ಲರೆದುರು ಅತ್ತ.

ಮುಂದೆ 1985ರಲ್ಲಿ ಆತ ಮತ್ತೆ ಬಂದ. 1986ರಲ್ಲಿ ಮೊದಲ ಬಾರಿಗೆ ಗೆಲುವಿಗಿಂತ ಸೋಲು ಹೆಚ್ಚಾಯಿತು, ಅಲ್ಲಿಗೆ ಬಿಟ್ಟ. ಆ ಒಂದು ವರ್ಷವನ್ನು ಹಿಡಿದು ಆತನನ್ನು ಅಳೆಯಲು ನನಗಂತೂ ಮನಸ್ಸು ಬಾರದು.